ನೌಕರಿ ಬಿಟ್ಟು ಮನೆಗೆ ಬರಲೇ?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಒಂದು ಹಳ್ಳಿಯವನು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್, 18 ವರ್ಷದ ಸೇವೆಯಾಗಿದೆ. ಸದ್ಯ ಅರುಣಾಚಲ ಪ್ರದೇಶದಲ್ಲಿ, ಕುಟುಂಬವನ್ನು ಕರೆದೊಯ್ಯಲಾಗದ ಫೀಲ್ಡ್ ಏರಿಯಾದಲ್ಲಿದ್ದೇನೆ. ತಂದೆಯವರ ಕಾಯಿಲೆಯ ಕಾರಣ ಪತ್ನಿ ಮತ್ತು ಮಗನನ್ನು ಎಂದೂ ಕ್ವಾರ್ಟರ್ಸ್‌ಗೆ ಕರೆದೊಯ್ಯಲಾಗಲಿಲ್ಲ. ಮಗ ಈಗ ಒಂಬತ್ತನೇ ತರಗತಿ. ಕಳೆದ ರಜೆಯಲ್ಲಿ ಅವನಿಗೆ ಶಿಸ್ತು ಬರಲೆಂದು ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದೆ. ನನ್ನನ್ನು ಕೇಳದೆ ಸಂಘದಲ್ಲಿ ಸಾಲ ಪಡೆದು ದನದ ಕೊಟ್ಟಿಗೆಗೆ ಶೀಟು ಹಾಕಿಸಿದ್ದಕ್ಕೆ ಪತ್ನಿಯನ್ನು ಗದರಿದೆ. ಒಂದು ರಾತ್ರಿ ಮಗ ಒಳಗೆ ತಾಯಿಯನ್ನು ‘ಅಪ್ಪಾ ಯಾವಾಗ ಹೋಗ್ತಾರ?’ ಎಂದು ಕೇಳಿದ್ದು ಕಿವಿಗೆ ಬಿತ್ತು. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ನೌಕರಿ ಬಿಟ್ಟು ಬರುತ್ತೇನೆಂದರೆ ಪತ್ನಿ ‘ನಮ್ಮ ಸಲುವಾಗಿ ಬಿಟ್ಟು ಬರಬ್ಯಾಡ್ರಿ’ ಎನ್ನುತ್ತಾಳೆ. ಡಿಸ್ಚಾರ್ಜ್ ಅರ್ಜಿ ಬರೆದು ಟ್ರಂಕಿನಲ್ಲಿಟ್ಟಿದ್ದೇನೆ. ಕೊಡಲೇ?

ಉತ್ತರ: ಹವಾಲ್ದಾರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಒಬ್ಬ ಹವಾಲ್ದಾರರ ಮಗಳಾದ್ದರಿಂದ, ನಿಮ್ಮ ಮಗ ಕೇಳಿದ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನೂ ನನ್ನ ತಾಯಿಯನ್ನು ಕೇಳಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆ ರಜೆಗೆ ಬಂದ ಮೊದಲ ನಾಲ್ಕು ದಿನ ನಾನು ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. ಬಿಳಿ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು ಬರೆದ ಅವರ ಕಪ್ಪು ಟ್ರಂಕು ಪಡಸಾಲೆಗೆ ಬಂತೆಂದರೆ, ನಾನು ಪುಸ್ತಕ ಹರಡಿಕೊಳ್ಳುತ್ತಿದ್ದ ಮೂಲೆ ನನ್ನ ಕೈತಪ್ಪುತ್ತಿತ್ತು. ಅವರು ಹೊರಡುವ ಹಿಂದಿನ ದಿನ ಅವ್ವ ಅದೇ ಟ್ರಂಕಿಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ತುಂಬುವಾಗ ಮಾತ್ರ ನನಗೆ ಅಳು ಬರುತ್ತಿತ್ತು. ಯಾವಾಗ ಹೋಗುತ್ತಾರೆ ಎಂದು ಕೇಳುವ ಮಗುವಿನ ಮನಸ್ಸಿನಲ್ಲಿ ಇರುವುದೆಲ್ಲ ದ್ವೇಷವಲ್ಲ. ಎಷ್ಟು ದಿನದ ಮಟ್ಟಿಗೆ ತನ್ನ ಜಾಗ ಬಿಟ್ಟುಕೊಡಬೇಕು ಎಂಬ ಲೆಕ್ಕವೂ ಅದರಲ್ಲಿರುತ್ತದೆ, ಇವರಿಗೆ ಒಗ್ಗಿಕೊಂಡ ಮೇಲೆ ಮತ್ತೆ ಹೊರಟುಬಿಟ್ಟರೆ ಎಂಬ ಹೆದರಿಕೆಯೂ ಇರುತ್ತದೆ.

ಆ ಲೆಕ್ಕವನ್ನು ನೀವೂ ಒಮ್ಮೆ ಮಾಡಿ ನೋಡಿ. ವರ್ಷಕ್ಕೆ 60 ದಿನದ ವಾರ್ಷಿಕ ರಜೆ, 30 ದಿನದ ಸಾಂದರ್ಭಿಕ ರಜೆ ಒಂದು ದಿನವೂ ತಪ್ಪದೆ ಸಿಕ್ಕಿತು ಎಂದಿಟ್ಟುಕೊಂಡರೂ, 14 ವರ್ಷದ ಹುಡುಗನ ಪಾಲಿಗೆ ನೀವು ಬಂದಿರುವುದು ಹೆಚ್ಚೆಂದರೆ ಮೂರೂವರೆ ವರ್ಷ. ಉಳಿದ ಅಷ್ಟೂ ಕಾಲ ಆಸ್ಪತ್ರೆ, ಶಾಲೆಯ ಸಹಿ, ಬಿತ್ತನೆ, ಮಾವನವರ ಔಷಧಿ ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ಹೆಣ್ಣುಮಗಳು, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಗೆ ಶೀಟು ಹಾಕಿಸಲು ನೆಟ್‌ವರ್ಕ್ ಇಲ್ಲದ ಪೋಸ್ಟಿನಲ್ಲಿದ್ದ ನಿಮ್ಮ ಅಪ್ಪಣೆಗಾಗಿ ಕಾಯಬೇಕಿತ್ತೇ? ನೀವು ಗದರಿದ್ದು ಸಾಲಕ್ಕಲ್ಲ, ನಿಮ್ಮನ್ನು ಕೇಳದೆಯೂ ಮನೆ ನಡೆಯುತ್ತದೆ ಎಂಬುದು ಕಣ್ಣಿಗೆ ಬಿದ್ದದ್ದಕ್ಕೆ ಎಂದು ನನಗೆ ಅನ್ನಿಸುತ್ತದೆ. ನೋವಾಗುವ ಮಾತು, ಆದರೂ ಹೇಳದೆ ಇರಲಾರೆ.

ಹಾಗಾಗಿ ನನ್ನ ಸಲಹೆ ಇಷ್ಟು: ಈ ಅರ್ಜಿಯನ್ನು ಈಗ ಕೊಡಬೇಡಿ. ಸೇನೆ ಬಿಡುವುದು ತಪ್ಪೆಂದು ಹೀಗೆ ಹೇಳುತ್ತಿಲ್ಲ. ಕಳೆದ ರಜೆಯ 60 ದಿನ ನೀವು ಆ ಮನೆಯಲ್ಲಿದ್ದ ರೀತಿಯಲ್ಲೇ ಮುಂದಿನ ಇಪ್ಪತ್ತು ವರ್ಷವೂ ಇರುವುದಾದರೆ, ನೀವು ಬಂದದ್ದರಿಂದ ಆ ಮೂವರಿಗೂ ನೆಮ್ಮದಿ ಸಿಗದು, ನಿಮಗೂ ಸಿಗದು. ‘ನಮ್ಮ ಸಲುವಾಗಿ ಬರಬ್ಯಾಡ್ರಿ’ ಎಂದ ನಿಮ್ಮ ಪತ್ನಿ, ಬರಲೇಬೇಡಿ ಎಂದಿಲ್ಲ. ನಾಳೆ ಕೈಯಲ್ಲಿ ಹಣ ಬಿಗಿಯಾದಾಗ, ಜೊತೆಯವನು ಸುಬೇದಾರನಾದ ಸುದ್ದಿ ಬಂದಾಗ, ‘ನಿಮಗಾಗಿ ಬಿಟ್ಟುಬಂದೆ’ ಎಂಬ ಮಾತು ತಮ್ಮ ತಲೆಯ ಮೇಲೆ ಬೀಳುತ್ತದೆ ಎಂಬ ಅಂಜಿಕೆ ಅವರಿಗಿರಬಹುದು. ಇದು ನನ್ನ ಊಹೆ ಮಾತ್ರ, ನಿಜವೇನೆಂದು ಅವರನ್ನೇ ಕೇಳಬೇಕು. ಕೇಳಿದ ಮೇಲೆ ನಡುವೆ ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಬೇಕು.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 15 ವರ್ಷ ದಾಟಿರುವುದರಿಂದ ಪಿಂಚಣಿಯ ಹಕ್ಕು ನಿಮಗಿದೆ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಸಿಗುತ್ತದೆ. ಆದರೆ ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಸಲ್ಲಿಸಿದವರಿಗೆ, ನಿವೃತ್ತರಾದದ್ದು ಯಾವಾಗಲೇ ಆದರೂ, ಒಂದೇ ಪಿಂಚಣಿ ಕೊಡುವ ‘ಒಂದು ಶ್ರೇಣಿ, ಒಂದು ಪಿಂಚಣಿ’ ಯೋಜನೆಯ 2015ರ ನವೆಂಬರ್ 7ರ ಆದೇಶವು, ಅಂದಿನಿಂದ ಸ್ವಂತ ಕೋರಿಕೆಯ ಮೇಲೆ ಅವಧಿಗೆ ಮುನ್ನ ಸೇವೆ ಬಿಡುವವರನ್ನು ಆ ಯೋಜನೆಯಿಂದ ಹೊರಗಿಟ್ಟಿತು. ನಿಮ್ಮ ವಿಷಯದಲ್ಲಿ ಇಂದಿನ ನಿಯಮ ಏನೆಂಬುದನ್ನು ಬೆಂಗಳೂರಿನ ನಿಮ್ಮ ರೆಕಾರ್ಡ್ಸ್ ಕಚೇರಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ವಿಸ್ತರಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹವಾಲ್ದಾರರ ಸೇವಾವಧಿ 24 ವರ್ಷವಾದ್ದರಿಂದ ಉಳಿದಿರುವುದು ಆರು ವರ್ಷ, ಬಡ್ತಿ ಸಿಗದಿದ್ದರೂ ಸೇವೆಯ ವರ್ಷಗಳ ಮೇಲೆ ಸಿಗುವ ವೇತನ ಏರಿಕೆ, ಅಂದರೆ ಎಂಎಸಿಪಿ, ಮೂರನೆಯ ಸಲ ಬರುವುದೂ 24ನೇ ವರ್ಷಕ್ಕೇ. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಪತ್ನಿಯ ಕೈಗೆ ಕೊಡಿ. ಸಂಘದ ಸಾಲದ ಕಂತು ಕಟ್ಟುತ್ತಿರುವವರಿಗೆ ಈ ಲೆಕ್ಕ ಬಿಡಿಸುವುದು ಕಷ್ಟವಾಗದು.

ಬಿಡುವುದು ಮತ್ತು ಉಳಿಯುವುದು, ಇವೆರಡೇ ದಾರಿ ಎಂದೂ ತಿಳಿಯಬೇಡಿ. ಫೀಲ್ಡ್ ಅವಧಿ ಮುಗಿದ ಮೇಲೆ ರಾಜ್ಯದ ಯಾವುದಾದರೂ ಎನ್‌ಸಿಸಿ ಬೆಟಾಲಿಯನ್‌ಗೆ ತರಬೇತಿ ಸಿಬ್ಬಂದಿಯಾಗಿ ಹೋಗಲು, ಇಲ್ಲವೇ ಬೆಂಗಳೂರಿನ ನಿಮ್ಮ ಕೇಂದ್ರಕ್ಕೆ ಬರಲು ಕೇಳಿಕೊಳ್ಳಬಹುದು. ತಂದೆಯವರ ಕಾಯಿಲೆಯ ದಾಖಲೆಗಳಿದ್ದರೆ ಅನುಕಂಪದ ಆಧಾರದ ಪೋಸ್ಟಿಂಗ್‌ಗೂ ಅರ್ಜಿ ಹಾಕಬಹುದು. ಸಿಕ್ಕೇ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೂ ಬೆಂಗಳೂರಿನಿಂದ ಧಾರವಾಡಕ್ಕೆ ಒಂದು ರಾತ್ರಿಯ ರೈಲು ಪ್ರಯಾಣವಷ್ಟೇ ಎಂಬುದನ್ನು ನೆನೆಸಿಕೊಂಡರೆ ಇದು ಕೇಳಿ ನೋಡಬೇಕಾದ ಬಾಗಿಲು. ನಿದ್ದೆ ಬಾರದ ವಿಷಯವನ್ನು ಯೂನಿಟ್ಟಿನ ವೈದ್ಯಾಧಿಕಾರಿಗೆ ಇದೇ ವಾರ ತಿಳಿಸಿ. ಹೇಳಿಕೊಂಡರೆ ಹವಾಲ್ದಾರಿಕೆಗೆ ಕುಂದು ಎಂದು ಸುಮ್ಮನಿರಬೇಡಿ.

ಇನ್ನು ಮುಂದಿನ ರಜೆಯ ಮಾತು. ನನ್ನ ತಂದೆ ನಿವೃತ್ತರಾಗಿ ಬಂದ ಮೇಲೆ ಮೊದಮೊದಲು ನಸುಕಿನಲ್ಲೇ ಎದ್ದು ಪಾತ್ರೆಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದರು, ಅವ್ವ ಒಂದೂ ಮಾತಾಡದೆ ಅವುಗಳನ್ನು ಮತ್ತೆ ಮೊದಲಿನ ಜಾಗಕ್ಕಿಡುತ್ತಿದ್ದರು. ಹಲವು ತಿಂಗಳ ನಂತರ ಒಂದು ಬೆಳಿಗ್ಗೆ ತಂದೆ ಲೋಟ ಹಿಡಿದುಕೊಂಡು ‘ಇದನ್ನ ಎಲ್ಲಿ ಇಡ್ತಿ?’ ಎಂದು ಕೇಳಿದರು. ನಮ್ಮ ಮನೆಗೆ ಅವರು ಬಂದದ್ದು ಆ ದಿನ ಎಂದೇ ನಾನು ಈಗಲೂ ಎಣಿಸುತ್ತೇನೆ. ನೀವು ಅಷ್ಟು ತಡಮಾಡಬೇಡಿ. ಊರಿಗೆ ಹೋದ ದಿನವೇ ಮಗನ ಎದುರಿನಲ್ಲಿ, ಕೊಟ್ಟಿಗೆಯ ವಿಷಯದಲ್ಲಿ ನೀನು ಮಾಡಿದ್ದೇ ಸರಿ ಎಂದು ಪತ್ನಿಗೆ ಹೇಳಿ. ಅವರು ‘ಇರಲಿ ಬಿಡ್ರಿ’ ಎಂದು ಒಳಗೆ ಹೋದರೂ ಬೇಸರಿಸಬೇಡಿ. ಮಗನನ್ನು ಐದಕ್ಕೆ ಎಬ್ಬಿಸುವುದನ್ನು ಬಿಡಿ. ಹೊಲದ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬರುವುದಾದರೆ, ಅವನು ಹೊರಡುವಾಗ ಟಾರ್ಚ್ ಹಿಡಿದು ಹಿಂದೆ ನೀವೂ ಹೋಗಿ. ಸ್ಟಾರ್ಟರ್ ಗುಂಡಿ ಒತ್ತುವುದನ್ನು ಅವನಿಗೇ ಬಿಡಿ, ನೀರು ಯಾವ ಕಾಲುವೆಗೆ ತಿರುಗಿಸಬೇಕೆಂದು ಅವನನ್ನೇ ಕೇಳಿ.