ಮುಷ್ಕರಕ್ಕೆ ಹೋದವರನ್ನು ಮಾತಾಡಿಸಿ ಬರೆಯಿರಿ

ಪ್ರಿಯ ಲೇಖಕರೇ,

‘ಆತ್ಮವಿಶ್ವಾಸ ಕುಸಿದಾಗ ಕ್ಯಾಂಪಸ್ ಹೊತ್ತಿ ಉರಿಯುತ್ತದೆ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭಾಷೆ ಹದವಾಗಿದೆ, ತೊಡಕಿರುವುದು ವಾದದಲ್ಲಿ. ತನ್ನ ಮೇಲೆ ನಂಬಿಕೆಯಿಲ್ಲದ ವಿದ್ಯಾರ್ಥಿಯೇ ಬೀದಿಗಿಳಿಯುತ್ತಾನೆ ಎಂದು ಶುರುವಿನಲ್ಲೇ ತೀರ್ಪು ಕೊಟ್ಟಿದ್ದೀರಿ. ಅದಕ್ಕೆ ಒಂದೂ ನಿದರ್ಶನವಿಲ್ಲ.

ನೀವು ಹೆಸರು ಹೇಳಿ ಮುಂದೆ ಹೋದ ಗುಜರಾತಿನ ನವನಿರ್ಮಾಣ ಚಳವಳಿಯನ್ನೇ ನೋಡಿ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಸ್ ಬಿಲ್ ಶೇ 20ರಷ್ಟು ಏರಿದ್ದಕ್ಕೆ ಗಲಾಟೆ ಎದ್ದಿತು. ಆ ಕಾಲಕ್ಕೆ ಎಂಜಿನಿಯರಿಂಗ್ ಸೀಟು ಗಿಟ್ಟಿಸಿದವರು ತಮ್ಮ ಕೈಲಾಗದು ಎಂದು ಕೂತ ಹುಡುಗರೇ? ಬೇರೆ ಕಾಲೇಜುಗಳು ಸೇರಿಕೊಂಡವು, ಬೆಲೆಯೇರಿಕೆಯಿಂದ ಬೇಸತ್ತ ಊರಿನವರೂ ಬಂದರು. ಕರ್ಫ್ಯೂ, ಗೋಲಿಬಾರ್, ಸಾವು ಎಲ್ಲ ಆಯಿತು. 1974ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲ್ ರಾಜೀನಾಮೆ ಕೊಟ್ಟರು, ಮಾರ್ಚಿನಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. ಮೆಸ್ ಬಿಲ್ಲಿನಿಂದ ವಿಧಾನಸಭೆಯವರೆಗೆ ಹೋದ ಆ ಬೇಡಿಕೆಯ ಹಿಂದೆ ನನಗೆ ಕಾಣುವುದು ‘ಕೂಡಿ ಕೇಳಿದರೆ ಆಗುತ್ತದೆ’ ಎಂಬ ಬೆಳೆಯುತ್ತಿದ್ದ ನಂಬಿಕೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರ ಪ್ರಬಂಧದಲ್ಲಿ ಈ ಬಗೆಯ ನಂಬಿಕೆಗೆ ಬಹುಮುಖ್ಯ ಮೂಲ ಸ್ವತಃ ಮಾಡಿ ಗೆದ್ದ ಅನುಭವ ಎಂದರು. ಆ ನಂಬಿಕೆ ಕೆಲಸದಿಂದ ಕೆಲಸಕ್ಕೆ ಬೇರೆಯಾಗುತ್ತದೆ. ರ್‍ಯಾಂಕ್ ಬರುತ್ತೇನೆಂದು ಗಟ್ಟಿಯಾಗಿ ನಂಬಿದವಳಿಗೆ ಕುಲಪತಿಯ ಮುಂದೆ ಧರಣಿ ಕೂತರೆ ಏನಾದರೂ ಆದೀತೆಂಬ ಭರವಸೆ ಇಲ್ಲದಿರಬಹುದು. ಸಪ್ಲಿಮೆಂಟರಿ ಕಟ್ಟಿದವನಿಗೆ ಅದು ಬೇಕಾದಷ್ಟಿರಬಹುದು. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ.

ನನಗೆ ನಿಜಕ್ಕೂ ನೋವಾದದ್ದು ಬೂಸಾ ಪ್ರಕರಣ ಬಿಟ್ಟದ್ದಕ್ಕೆ. ಅದೇ 1973ರ ನವೆಂಬರಿನಲ್ಲಿ ದಲಿತ ನಾಯಕ, ರಾಜ್ಯದ ಸಚಿವ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದಕ್ಕೆ ವಿದ್ಯಾರ್ಥಿಗಳು ರೊಚ್ಚಿಗೆದ್ದರು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ದಾಳಿಯಾಯಿತು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಪೆಟ್ಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು. ಹೊಡೆದವರಿಗೂ ಹೊಡೆಸಿಕೊಂಡು ಎದ್ದು ನಿಂತವರಿಗೂ ನಿಮ್ಮ ಒಂದೇ ಸೂತ್ರ ಹೊಂದುತ್ತದೆಯೇ? ಯಾರ ನಂಬಿಕೆ, ಯಾರ ವಿರುದ್ಧ ಎಂದು ಕೇಳದೆ ಈ ವಿಷಯ ಬರೆಯಲಾಗದು.

ಮಹಾಪುರುಷರ ಸೂಕ್ತಿಗಳ ಮೂರು ಪ್ಯಾರಾ ತೆಗೆದುಹಾಕಿ. ನಿಮ್ಮ ವಿಶ್ವವಿದ್ಯಾಲಯದಲ್ಲೇ ಹೋದ ವರ್ಷ ಶುಲ್ಕದ ವಿರುದ್ಧ ಮುಷ್ಕರ ನಡೆಯಿತೆಂದು ಪತ್ರದಲ್ಲಿ ಬರೆದಿದ್ದೀರಿ, ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ! ಹಾಸ್ಟೆಲಿಗೆ ಹೋಗಿ ಕೂತು ಕೇಳಿ: ಹೊರಡುವಾಗ ಏನಾದೀತು ಅಂದುಕೊಂಡಿದ್ದರು, ಮುಗಿದ ಮೇಲೆ ಏನನ್ನಿಸಿತು. ರೂಮಿನಲ್ಲೇ ಉಳಿದವರನ್ನೂ ಕೇಳಿ. ಹೆಸರು ಬೇಡ, ಮಾತು ಅವರದೇ ಇರಲಿ. ಸಾವಿರ ಪದದೊಳಗೆ ಬರೆದು ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ