ಹೆಣ್ಣನ್ನು ಮಾತ್ರ ಆರಿಸಿದರೆ ಕೆಂಪು ನಿಲ್ಲುವುದಿಲ್ಲ

ಪ್ರಶ್ನೆ: ಒಂದು ವರ್ಷದ ಹಿಂದೆ 10 ಕೆಂಪು ಚೆರ್ರಿ ಸೀಗಡಿ ತಂದು ಟ್ಯಾಂಕಿಗೆ ಬಿಟ್ಟೆ. ಈಗ 200ರ ಹತ್ತಿರ ಆಗಿವೆ. ಆದರೆ ಮೊದಲು ತಂದವುಗಳ ಕೆಂಪು ಇವುಗಳಲ್ಲಿ ಇಲ್ಲ. ಅರ್ಧಕ್ಕರ್ಧ ಗಾಜಿನಂತೆ ತೆಳು, ಕೆಲವು ಕಂದು. ಚೆನ್ನಾಗಿರುವ ಹೆಣ್ಣುಗಳನ್ನೇ ಇಟ್ಟುಕೊಂಡು ಉಳಿದ ಹೆಣ್ಣುಗಳನ್ನು ತೆಗೆಯುತ್ತಲೇ ಬಂದಿದ್ದೇನೆ. ನೀರು ಸರಿ ಇಲ್ಲವೇ? ಬಣ್ಣ ಬರುವ ಆಹಾರ ಹಾಕಬೇಕೇ?

ಉತ್ತರ: ಹತ್ತು ಇದ್ದದ್ದು ಇನ್ನೂರು ಆಗಿದೆ ಅಂದರೆ ನೀರು ಚೆನ್ನಾಗಿಯೇ ಇದೆ. ಅದಕ್ಕೆ ಕೈ ಹಾಕಬೇಡಿ. ನಿಮ್ಮ ಪತ್ರದಲ್ಲೇ ಕಾರಣ ಇದೆ: ನೀವು ಹೆಣ್ಣುಗಳನ್ನು ಆರಿಸಿದ್ದೀರಿ, ಗಂಡುಗಳನ್ನು ಹಾಗೇ ಬಿಟ್ಟಿದ್ದೀರಿ.

ಇದು ತುಂಬಾ ಜನ ಮಾಡುವ ತಪ್ಪು. ಹೆಣ್ಣು ದೊಡ್ಡದು, ಬಣ್ಣ ಗಾಢ, ಕಣ್ಣು ಸಹಜವಾಗಿ ಅಲ್ಲಿಗೇ ಹೋಗುತ್ತದೆ. ಗಂಡು ಸಣ್ಣದು, ಸಪೂರ, ಬಣ್ಣವೂ ತೆಳು. ಗಂಡು ಅಂದರೆ ಹೀಗೇ ಅಂತ ನಾವು ಬಿಟ್ಟುಬಿಡುತ್ತೇವೆ. ಆದರೆ ಮರಿಗೆ ಅರ್ಧ ಬರುವುದು ಅಪ್ಪನಿಂದ ಅಲ್ವಾ? ಹೆಣ್ಣು ಪೊರೆ ಕಳಚಿದ ಕೂಡಲೇ ಅದರ ವಾಸನೆ ನೀರಿನಲ್ಲಿ ಹರಡುತ್ತದೆ. ಆಗ ಟ್ಯಾಂಕಿನಲ್ಲಿರುವ ಗಂಡುಗಳೆಲ್ಲ ಹುಚ್ಚು ಹಿಡಿದ ಹಾಗೆ ಈಜಾಡುವುದನ್ನು ನೀವೂ ನೋಡಿರುತ್ತೀರಿ. ಅದನ್ನು ಮೊದಲು ತಲುಪಿದ ಗಂಡೇ ಕೂಡುವುದು, ಹೆಚ್ಚು ಕೆಂಪಾಗಿರುವುದೇ ಆಗಬೇಕೆಂದೇನಿಲ್ಲ.

ಚೆರ್ರಿ ಸೀಗಡಿ, ಅಂದರೆ ನಿಯೋಕ್ಯಾರಿಡಿನಾ ಡೇವಿಡಿ, ತೊರೆಗಳಲ್ಲಿ ಇರುವಾಗ ಕಂದು ಅಥವಾ ಹಸಿರು ಮಿಶ್ರಿತ ಬಣ್ಣದ್ದು. ಕೊಳೆತ ಎಲೆಗಳ ಮೇಲೆ ಕೂತರೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಕೆಂಪು ಬಣ್ಣವನ್ನು ಸಾಕುವವರು ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಆರಿಸಿ ಗಟ್ಟಿ ಮಾಡಿದ್ದು. ಆರಿಸುವುದು ಸಡಿಲವಾದರೆ ಅದು ಹಳೇ ದಾರಿ ಹಿಡಿಯುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಇನ್ನೊಂದು ಟ್ಯಾಂಕ್ ತಯಾರು ಮಾಡಿ: ತಳಕ್ಕೆ ಕಪ್ಪು ಮರಳು, ಒಂದು ಸ್ಪಂಜ್ ಫಿಲ್ಟರ್, ಸ್ವಲ್ಪ ಪಾಚಿ. ಅದು ಹದಕ್ಕೆ ಬಂದು, ನೀರಿನ ಪರೀಕ್ಷೆಯಲ್ಲಿ ಸೀಗಡಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ 6 ಹೆಣ್ಣು, 3–4 ಗಂಡು ಆರಿಸಿ ಬಿಡಿ. ಹೆಣ್ಣಿನ ಹೊಟ್ಟೆಯ ಅಂಚು ಕೆಳಗೆ ದುಂಡಗೆ ಬಾಗಿರುತ್ತದೆ, ಬೆಳೆದ ಹೆಣ್ಣಿಗೆ ತಲೆಯ ಹಿಂದೆ ಹಳದಿ ಮಚ್ಚೆಯಂತೆ ಅಂಡಾಶಯ ಕಾಣುತ್ತದೆ. ಗಂಡಿನ ಹೊಟ್ಟೆಯ ಅಂಚು ನೇರ.

ಆರಿಸುವಾಗ ಬಲೆಯಲ್ಲಿ ಹಿಡಿದು ಬಿಳಿ ಬಟ್ಟಲಿಗೆ ಹಾಕಿ ನೋಡಬೇಡಿ. ಬೆದರಿದ ಸೀಗಡಿ ಬಣ್ಣ ಕಳೆದುಕೊಳ್ಳುತ್ತದೆ, ಬಿಳಿ ತಳದ ಮೇಲೆ ಇನ್ನೂ ತೆಳುವಾಗುತ್ತದೆ. ಅದು ಕಪ್ಪು ಮರಳಿನ ಮೇಲೆ ಸುಮ್ನೆ ಮೇಯುತ್ತಿರುವಾಗ ಗಾಜಿನ ಹತ್ತಿರ ಮುಖ ಇಟ್ಟು, ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಸಾಧಾರಣ ಗಂಡಿನ ಮೈ ಮೇಲೆ ಕೆಂಪು ಸಣ್ಣ ಸಣ್ಣ ಚುಕ್ಕೆಗಳಾಗಿ ಚದುರಿರುತ್ತದೆ, ನಡುವೆ ಮೈಯೊಳಗಿನದು ಕಾಣುತ್ತದೆ. ನಿಮಗೆ ಬೇಕಾದ್ದು ಆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಿರುವ ಗಂಡು. ಬೆನ್ನು ಮಾತ್ರ ಕೆಂಪಾಗಿದ್ದರೆ ಸಾಲದು, ಚಿಪ್ಪಿನ ಕೆಳ ಅಂಚನ್ನು ನೋಡಿ, ಆಮೇಲೆ ಕಾಲು ನೋಡಿ. ಕಾಲೂ ಕೆಂಪಾಗಿರುವ ಗಂಡು ಇನ್ನೂರರಲ್ಲಿ ಒಂದೆರಡು ಸಿಕ್ಕರೂ ಪುಣ್ಯ. ಅದನ್ನು ಯಾರಿಗೂ ಕೊಡಬೇಡಿ.

ಇನ್ನೊಂದು ವಿಷಯ. ಆರಿಸಿದ ಹೆಣ್ಣು ಆಗಲೇ ಮೊಟ್ಟೆ ಹೊತ್ತಿದ್ದರೆ ಆ ಮೊಟ್ಟೆಗಳ ಅಪ್ಪ ಹಳೇ ಟ್ಯಾಂಕಿನ ಯಾವುದೋ ಗಂಡು. ಆ ಮರಿಗಳು ಹೊರಬಂದ ಮೇಲೆಯೇ ಅದನ್ನು ಹೊಸ ಟ್ಯಾಂಕಿಗೆ ತನ್ನಿ. ಮುಂದಿನ ಸಲ ಪೊರೆ ಕಳಚಿದಾಗ ಅದು ಹೊಸದಾಗಿ ಕೂಡಲೇಬೇಕು, ಲೆಕ್ಕ ಶುರುವಾಗುವುದು ಅಲ್ಲಿಂದ.

ಮೊಟ್ಟೆ ಹೊತ್ತ ಹೆಣ್ಣು ಸುಮಾರು ನಾಲ್ಕು ವಾರ ಅವನ್ನು ಹೊಟ್ಟೆಯಡಿಯ ಕಾಲುಗಳಿಂದ ಬೀಸುತ್ತಾ ಕಾಯುತ್ತದೆ. ಒಂದು ಸಲಕ್ಕೆ 20–30 ಮರಿ. ಅವು ಬೆಳೆದು ತಾವೂ ಕೂಡಲು 2–3 ತಿಂಗಳು ಬೇಕು. ನಾನು ಮೊದಲ ಸಲ ಅವಸರ ಮಾಡಿ ಮೂರು ವಾರದ ಮರಿಗಳಲ್ಲೇ ತೆಳು ಬಣ್ಣದವನ್ನು ತೆಗೆದು ಬೇರೆ ತೊಟ್ಟಿಗೆ ಹಾಕಿದ್ದೆ. ಎರಡು ತಿಂಗಳ ನಂತರ ನೋಡಿದರೆ ಆ ತೊಟ್ಟಿಯಲ್ಲಿ ಎರಡು ಹೆಣ್ಣುಗಳು ನಾನು ಇಟ್ಟುಕೊಂಡ ಎಲ್ಲದಕ್ಕಿಂತ ಕೆಂಪಾಗಿದ್ದವು. ಅಂದಿನಿಂದ ಎರಡು ತಿಂಗಳು ತುಂಬುವವರೆಗೆ ಯಾವ ಮರಿಯನ್ನೂ ಅಳೆಯುವುದಿಲ್ಲ. ನೀವೂ ಹಾಗೇ ಮಾಡಿ.

ಆಹಾರದ ಬಗ್ಗೆ: ಕೆಂಪಿಗೆ ಬೇಕಾದ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ಮೂಲವಸ್ತು ಆಹಾರದಿಂದಲೇ ಬರಬೇಕು, ಸೀಗಡಿ ಅದನ್ನು ಮೊದಲಿನಿಂದ ತಾನೇ ತಯಾರಿಸಲಾರದು. ಹಾಗಾಗಿ ಪಾಚಿ ತಿಂದು ಬೆಳೆದದ್ದಕ್ಕೆ ಕಳೆ ಜಾಸ್ತಿ. ಆದರೆ ತಿಂದು ಬಂದ ಬಣ್ಣ ಮರಿಗೆ ದಾಟುವುದಿಲ್ಲ. ಆರಿಸುವ ಎಲ್ಲ ಸೀಗಡಿಗೂ ಒಂದೇ ಆಹಾರ ಇರಲಿ, ಇಲ್ಲದಿದ್ದರೆ ನೀವು ಆರಿಸುವುದು ಹುಟ್ಟು ಬಣ್ಣವನ್ನಲ್ಲ, ಊಟದ ಬಣ್ಣವನ್ನು.

ಪ್ರಶ್ನೆ: ಕೆಂಪು, ನೀಲಿ ಚೆರ್ರಿ ಸೀಗಡಿ ಒಟ್ಟಿಗೆ ಬಿಟ್ಟರೆ ನೇರಳೆ ಬರುತ್ತದೆಯೇ?

ಉತ್ತರ: ಇಲ್ಲ. ಹೆಚ್ಚಿನವು ಕಂದು ಬರುತ್ತವೆ. ಒಂದು ಟ್ಯಾಂಕಿಗೆ ಒಂದೇ ಬಣ್ಣ.

ಪ್ರಶ್ನೆ: ಕ್ರಿಸ್ಟಲ್ ರೆಡ್ (ಕೆಂಪು-ಬಿಳಿ ಪಟ್ಟೆಯ ಸೀಗಡಿ) ಹೆಣ್ಣಿಗೆ ಕ್ರಿಸ್ಟಲ್ ಬ್ಲ್ಯಾಕ್ (ಅದರದೇ ಕಪ್ಪು-ಬಿಳಿ ಬಗೆ) ಗಂಡು ಜೋಡಿ ಮಾಡಿದೆ. ಮರಿಗಳೆಲ್ಲ ಕಪ್ಪು. ಕೆಂಪು ಹೋಯಿತೇ?

ಉತ್ತರ: ಹೋಗಿಲ್ಲ, ಅಡಗಿದೆ. ಇವುಗಳಲ್ಲಿ ಕಪ್ಪು ಪ್ರಬಲ. ಈ ಕಪ್ಪು ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕರಲ್ಲಿ ಒಂದರಷ್ಟು ಕೆಂಪು ಬರುತ್ತದೆ, ಮತ್ತೆ ಕೆಂಪಿಗೇ ಕೂಡಿಸಿದರೆ ಸುಮಾರು ಅರ್ಧ. ಕೆಂಪು ಮರಿಯಲ್ಲಿ ಕಪ್ಪು ಅಡಗಿರುವುದಿಲ್ಲ, ಹಾಗಾಗಿ ಅದನ್ನು ಧೈರ್ಯವಾಗಿ ಕೆಂಪು ಟ್ಯಾಂಕಿಗೆ ಬಿಡಬಹುದು. 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಜುಕಿ ಇಡೀ ಕ್ರಿಸ್ಟಲ್ ರೆಡ್ ತಳಿಯನ್ನು ಎಬ್ಬಿಸಿದ್ದು ತಮ್ಮ ಕಪ್ಪು-ಬಿಳಿ ಬೀ ಸೀಗಡಿಗಳ ನಡುವೆ ಕಂಡ ಬೆರಳೆಣಿಕೆಯ ಕೆಂಪು ಮರಿಗಳಿಂದ. ನಿಮ್ಮ ಕೈಯಲ್ಲಿ ಅದಕ್ಕಿಂತ ಜಾಸ್ತಿ ಇದೆ.

ಪ್ರಶ್ನೆ: ಬಣ್ಣ ಬಾರದ ಸೀಗಡಿಗಳನ್ನು ಏನು ಮಾಡುವುದು? ಕೆರೆಗೆ ಬಿಡಬಹುದೇ?

ಉತ್ತರ: ಖಂಡಿತ ಬೇಡ. ಕೆರೆ, ಹೊಳೆ, ಚರಂಡಿ ಯಾವುದಕ್ಕೂ ಬೇಡ. ಇವು ಎಷ್ಟು ಬೇಗ ಹೆಚ್ಚುತ್ತವೆ ಅಂತ ಈ ಪುಟದ ಮೊದಲ ಪತ್ರವೇ ಹೇಳುತ್ತದೆ, ಜೊತೆಗೆ ರೋಗ, ಪರೋಪಜೀವಿಗಳೂ ಹೋಗುತ್ತವೆ. ಒಂದು ಬೇರೆ ಟ್ಯಾಂಕಿನಲ್ಲಿ ಇಡಿ. ಪಾಚಿ ತಿನ್ನುವ ಕೆಲಸಕ್ಕೆ ಬಣ್ಣ ಬೇಕಿಲ್ಲ, ಗಿಡಗಳ ಟ್ಯಾಂಕ್ ಇಟ್ಟವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಕೊಡುವಾಗ ಮಾತ್ರ ಇವು ಆರಿಸಿ ಉಳಿದವು ಅಂತ ಬಾಯಿ ಬಿಟ್ಟು ಹೇಳಿ, ಅವರು ಇವುಗಳಿಂದಲೇ ತಳಿ ಶುರು ಮಾಡಿಬಿಟ್ಟಾರು.