ಆಪ್ತಸಲಹೆ ಪ್ರಕರಣ: ‘ನಿನ್ನ ಕೆಡಿ ಎಷ್ಟು?’ ಎಂದು ಕೇಳುವ ಅಣ್ಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ತಾಲ್ಲೂಕಿನ ಒಂದು ತೋಟ, ಅದರಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಎರಡು ಮನೆ. ದೊಡ್ಡಪ್ಪನ ಮಗನಿಗೆ 23 ವರ್ಷ, ಚಿಕ್ಕಪ್ಪನ ಮಗನಿಗೆ 19, ಅವನ ತಂಗಿಗೆ 17. ಮೂವರೂ ಬಿಜಿಎಂಐ ಆಡುತ್ತಾರೆ. ಅದು ಪಬ್ಜಿಯ ಭಾರತದ ಆವೃತ್ತಿ, ಫೋನಿನಲ್ಲಿ ತಂಡ ಕಟ್ಟಿ ಆಡುವ ಬಂದೂಕಿನ ಕಾಳಗ. ಊರಿನ ಇನ್ನೂ ಎಂಟು ಹುಡುಗರು ಸೇರಿ ಇವರದೊಂದು ವಾಟ್ಸ್ಆ್ಯಪ್ ಗುಂಪಿದೆ. ಅದನ್ನು ಶುರು ಮಾಡಿದವನು ದೊಡ್ಡವನು, ಅಡ್ಮಿನ್ ಕೂಡ ಅವನೇ. ಒಂದು ರಾತ್ರಿ ಸೋತ ಸಿಟ್ಟಿನಲ್ಲಿ ತಂಗಿಯನ್ನು ‘ಬಾಟ್’ (ಆಟದಲ್ಲಿ ಕಂಪ್ಯೂಟರ್ ಆಡಿಸುವ ಬೊಂಬೆ) ಎಂದು ಕರೆದು ಗುಂಪಿನಿಂದ ತೆಗೆದುಹಾಕಿದ. ದೀಪಾವಳಿ ಊಟಕ್ಕೆ ದೊಡ್ಡವನು ಬಂದು ಎದುರು ಕೂತಾಗ ಚಿಕ್ಕವನು ಪಂಕ್ತಿಯಿಂದಲೇ ಎದ್ದು ಹೋದ. ಮನೆಯ ಹಿರಿಯರಿಗೆ ವಿಷಯ ಗೊತ್ತಾದದ್ದು ಆಗ.

ಮನೆಯವರು ಮಾಡಿದ ಮೊದಲ ಉಪಾಯ, ಇಬ್ಬರ ಫೋನಿನಿಂದಲೂ ಆಟ ತೆಗೆಸಿದ್ದು. ನಾಲ್ಕೇ ದಿನಕ್ಕೆ ಇಬ್ಬರೂ ಮತ್ತೆ ಹಾಕಿಕೊಂಡರು. ಮಾತು ಬಿಟ್ಟದ್ದು ಮಾತ್ರ ಹಾಗೇ ಉಳಿಯಿತು. ಇಂಥ ಪ್ರಕರಣಗಳಲ್ಲಿ ಇದು ಸಾಮಾನ್ಯ. ಜಗಳ ಹುಟ್ಟಿದ ಜಾಗ ಮುಚ್ಚಿದರೆ ಜಗಳ ಅಡುಗೆಮನೆಗೆ, ಕೊಟ್ಟಿಗೆಗೆ, ಅಡಿಕೆ ಸುಲಿಯುವ ಅಂಗಳಕ್ಕೆ ಬರುತ್ತದೆ.

ಕರೆದುಕೊಂಡು ಬಂದವರು ದೊಡ್ಡವನ ತಾಯಿ. ಅವರ ಪ್ರಶ್ನೆ ಒಂದೇ: “ಇದು ಚಟವಾ, ಎಂತದು?” ಅದನ್ನೇ ಮೊದಲು ನೋಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಸಮಸ್ಯೆಗೆ ಮೂರು ಲಕ್ಷಣ ಹೇಳಿದ್ದಾರೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ಹಾನಿ ಕಂಡರೂ ಮುಂದುವರಿಸುವುದು. ಇವು ಬದುಕನ್ನು ತೀವ್ರವಾಗಿ ಕೆಡಿಸಿರಬೇಕು, ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ದೊಡ್ಡವನು ಬೆಳಿಗ್ಗೆ ಅಡಿಕೆ ವ್ಯಾಪಾರದ ಅಂಗಡಿಗೆ ತಪ್ಪದೆ ಹೋಗುತ್ತಾನೆ, ಸಂಬಳ ಮನೆಗೆ ಕೊಡುತ್ತಾನೆ, ಕೊಯ್ಲಿನ ವಾರದಲ್ಲಿ ಫೋನ್ ಮುಟ್ಟಿರಲಿಲ್ಲ. ಚಿಕ್ಕವನ ಹಾಜರಾತಿ, ಅಂಕ ಎರಡೂ ಸರಿಯಿದ್ದವು. ಚಟವಲ್ಲ ಎಂದು ತಾಯಿಗೆ ನೇರವಾಗಿ ಹೇಳಿದೆವು. ಈ ಮಾತು ಬೇಗ ಹೇಳುವುದು ಮುಖ್ಯ. ಇಲ್ಲವಾದರೆ ಮನೆಯವರು ಗಂಟೆ ಎಣಿಸುವುದರಲ್ಲೇ ಇರುತ್ತಾರೆ, ಮುರಿದ ಸಂಬಂಧದ ಕಡೆ ಯಾರೂ ನೋಡುವುದಿಲ್ಲ.

ಇಬ್ಬರನ್ನೂ ಮೊದಲ ಎರಡು ಭೇಟಿಗಳಲ್ಲಿ ಬೇರೆ ಬೇರೆ ಕೂರಿಸಿದೆವು. ಚಿಕ್ಕವನ ದೂರು ಚಿಕ್ಕದು: “ಹೇಳ್ದಾಂಗೆ ಆಡಿದ್ರೂ ಬೈತ, ಆಡದಿದ್ರೂ ಬೈತ. ಸೋತ್ರೆ ಕೆಡಿ ಎಷ್ಟು ಹೇಳಿ ಎಲ್ಲರ ಎದುರಿಗೆ ಕೇಳ್ತ.” ಕೆಡಿ ಎಂದರೆ ಎಷ್ಟು ಜನರನ್ನು ಹೊಡೆದೆ, ಎಷ್ಟು ಸಲ ಸತ್ತೆ ಎಂಬುದರ ಅನುಪಾತ. ಪ್ರೊಫೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ. ಹಳಬರು ಹೊಸಬರನ್ನು ಅಳೆಯುವ ಮೊಳಕೋಲು ಅದು.

ದೊಡ್ಡವನದು ಉದ್ದದ ದೂರು, ಅದರಲ್ಲಿ ಹುರುಳೂ ಇತ್ತು. ಹೇಳಿದ ಹೊತ್ತಿಗೆ ಹೊಸಬರು ಬರುವುದಿಲ್ಲ. ಊಟಕ್ಕೆ ಕರೆದರೆಂದು ಪಂದ್ಯದ ನಡುವೆ ಫೋನ್ ಇಟ್ಟು ಹೋಗುತ್ತಾರೆ. ಎಲ್ಲರೂ ಒಂದು ಕಡೆ ಇಳಿಯೋಣ ಎಂದರೆ ಒಬ್ಬ ನಕ್ಷೆಯಲ್ಲಿ ಬೇರೆ ಕಡೆಯ ಪೋಚಿಂಕಿ ಎಂಬ ಊರಿಗೆ ಹಾರಿ ಎರಡು ನಿಮಿಷಕ್ಕೆ ಸಾಯುತ್ತಾನೆ. ನಾಲ್ವರ ತಂಡದಲ್ಲಿ ಒಬ್ಬ ಹೋದರೆ ಉಳಿದ ಮೂವರೂ ಬೇಗ ಬೀಳುತ್ತಾರೆ, ರ‍್ಯಾಂಕ್ ಪಾಯಿಂಟ್ ಹೋಗುವುದು ಎಲ್ಲರದ್ದೂ. “ಅವಕ್ಕೆ ಆಟ ಹೇಳಿರೆ ಟೈಂಪಾಸು. ಯಂಗೆ ಹಾಂಗಲ್ಲ.” ಇದಕ್ಕೆ ಎದುರಾಗಿ ಹೊಸಬರೂ ಸುಮ್ಮನಿರಲಿಲ್ಲ. ‘ಕೆಲಸ ಇಲ್ದವ’ ಎಂಬ ಮಾತು ಗುಂಪಿನಲ್ಲಿ ಅವನ ಬೆನ್ನಿಗೆ ಹತ್ತಿಪ್ಪತ್ತು ಸಲ ಬಿದ್ದಿತ್ತು. ಸಲಹೆಗಾರರು ಇಲ್ಲಿ ಎಡವುತ್ತಾರೆ. ಬೈದವನು ಒಬ್ಬ, ಬೈಸಿಕೊಂಡವರು ಹಲವರು ಎಂದು ಕಂಡ ತಕ್ಷಣ ಬೈದವನಿಗೆ ‘ತಾಳ್ಮೆ ಇರಲಿ’ ಎಂದು ಹೇಳಿ ಕಳಿಸಿದರೆ ಅವನು ಮತ್ತೆ ಬರುವುದಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದ್ದು, “ಈ ಆಟ ಮೊದಲು ಯಾರ ಜೊತೆ ಆಡಿದ್ದು?” ಉತ್ತರ ಬರಲು ಹೊತ್ತು ಹಿಡಿಯಿತು. ಪಬ್ಜಿ ಮೊಬೈಲ್ 2018ರಲ್ಲಿ ಬಂದಾಗಿನಿಂದ ಅದೇ ನಾಲ್ವರು. 2020ರ ಲಾಕ್‌ಡೌನಿನಲ್ಲಿ ಪ್ರತಿ ರಾತ್ರಿ. ಆ ವರ್ಷ ಸೆಪ್ಟೆಂಬರ್ 2ಕ್ಕೆ ಸರ್ಕಾರ ಆಟ ನಿಷೇಧಿಸಿತು, 2021ರ ಜುಲೈಯಲ್ಲಿ ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಮತ್ತೆ ಆ್ಯಪ್ ಅಂಗಡಿಗಳಿಂದ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಪ್ರತಿ ಸಲ ಆಟ ಮರಳಿದಾಗ ಗೆಳೆಯರು ಇನ್ನಷ್ಟು ಕಡಿಮೆ. ಒಬ್ಬ ಬೆಂಗಳೂರು, ಒಬ್ಬ ಹುಬ್ಬಳ್ಳಿ, ಮೂರನೆಯವನು ಕಾರವಾರದಲ್ಲಿ ಕೆಲಸ ಹಿಡಿದು ಮದುವೆಯಾದ. ಊರಲ್ಲಿ ಉಳಿದವನು ಇವನೊಬ್ಬ. ವಾಟ್ಸ್ಆ್ಯಪ್ ಗುಂಪಿನ ಚಿತ್ರ ಇವತ್ತಿಗೂ ಆ ನಾಲ್ವರ ಗೆದ್ದ ಪರದೆಯದೇ. ಹೊಸಬರು ಬಂದು ಗದ್ದಲ ಮಾಡಿದಾಗ ಅವನಿಗೆ ಹೋದದ್ದು ಪಾಯಿಂಟ್ ಅಷ್ಟೇ ಅಲ್ಲ.

ಹೊಸಬರನ್ನು ಒಳಗೆ ಬಿಡದೆ ಆಟವನ್ನು ‘ಕಾಯುವ’ ಎಲ್ಲ ಹಳಬರ ಹಿಂದೆಯೂ ಇಂಥದೇ ಕಾರಣ ಇರುತ್ತದೆ ಎನ್ನಲಾಗದು. ಕೆಲವರಿಗೆ ಇನ್ನೊಬ್ಬರನ್ನು ಕೀಳು ಮಾಡುವುದೇ ರುಚಿ. ವ್ಯತ್ಯಾಸ ತಿಳಿಯಲು ಒಂದು ಪರೀಕ್ಷೆ ಇದೆ. ಕಲಿಯಬೇಕೆಂದು ಬಂದ ಹೊಸಬನಿಗೆ ಅವನು ಕಲಿಸುತ್ತಾನೋ ಇಲ್ಲವೋ ಕೇಳಿ. ಇವನು ಊರಿನ ಇಬ್ಬರು ಹುಡುಗರಿಗೆ ವಾರಗಟ್ಟಲೆ ಕಲಿಸಿದ್ದ. ಅಲ್ಲಿ ದಾರಿ ಇತ್ತು.

ಮೂರನೇ ಭೇಟಿಗೆ ಅಣ್ಣತಮ್ಮ ಇಬ್ಬರನ್ನೂ ಫೋನ್ ಸಮೇತ ಕರೆದೆವು. ಮೇಜಿನ ಮೇಲೆ ಎರಡೂ ಫೋನ್ ಪಕ್ಕಪಕ್ಕ. ದೊಡ್ಡವನದರಲ್ಲಿ ಫ್ರೇಮ್ ರೇಟ್ ‘ಎಕ್ಸ್‌ಟ್ರೀಮ್’, ಅಂದರೆ ಸೆಕೆಂಡಿಗೆ 60 ಚಿತ್ರ. ಚಿಕ್ಕವನ ಹಳೆಯ ಫೋನಿನಲ್ಲಿ ‘ಹೈ’ ಮೇಲೆ ಹೋಗುವುದೇ ಇಲ್ಲ, ಅಂದರೆ 30. ದೊಡ್ಡವನು ಆಡುವುದು ಮನೆಯ ಫೈಬರ್ ವೈಫೈಯಲ್ಲಿ, ಪಿಂಗ್ 50ರ ಆಚೀಚೆ. ಪಿಂಗ್ ಎಂದರೆ ಆಟದ ಸರ್ವರಿಗೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು, ಕಡಿಮೆಯಿದ್ದಷ್ಟೂ ಒಳ್ಳೆಯದು. ಚಿಕ್ಕವನ ಮನೆ ತೋಟದ ಕೆಳಗೆ ತಗ್ಗಿನಲ್ಲಿದೆ, ಮೊಬೈಲ್ ಡೇಟಾದಲ್ಲಿ ಪಿಂಗ್ 150 ದಾಟುತ್ತದೆ, ಮಳೆ ಬಂದರೆ ಕೆಂಪು. ಚಿಕ್ಕವನ ಫೋನಿನಲ್ಲಿ, ಅವನದೇ ಡೇಟಾದಲ್ಲಿ, ವೇರ್‌ಹೌಸ್ ನಕ್ಷೆಯ ಟಿಡಿಎಂ (ಟೀಮ್ ಡೆತ್‌ಮ್ಯಾಚ್, ಸತ್ತರೂ ಮತ್ತೆ ಎದ್ದು ಆಡುವ ತಂಡದ ಪಂದ್ಯ) ಆಡು ಎಂದು ದೊಡ್ಡವನಿಗೆ ಹೇಳಿದೆವು. ನಾಲ್ವರ ಮೇಲೆ ನಾಲ್ವರು, ಮೊದಲು 40 ಮುಟ್ಟಿದವರು ಗೆದ್ದರು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಗುಂಡಿಗಳ ಜಾಗ ಬೇರೆ ಎಂಬ ನೆಪ ಉಳಿಯಬಾರದೆಂದು ಅವನ ಕಂಟ್ರೋಲ್ ಲೇಔಟನ್ನೇ ಅದರಲ್ಲೂ ಹಾಕಿಸಿದೆವು. ತನ್ನ ಫೋನಿನಲ್ಲಿ 17 ಹೊಡೆಯುವವನು ಇದರಲ್ಲಿ 7ಕ್ಕೆ ನಿಂತ. ಎರಡನೇ ಸಲ 9. ಮೂಲೆ ಬಿಟ್ಟು ಹೊರಬರುವುದರೊಳಗೆ ಸತ್ತಿದ್ದೇನೆ ಎಂದು ಎರಡು ಸಲ ಹೇಳಿದ. ಚಿಕ್ಕವನು ಏನೂ ಹೇಳದೆ ನೋಡುತ್ತಿದ್ದ.

ಇದನ್ನು ಸಮಾಧಾನಕ್ಕಾಗಿ ಮಾಡಿದ ನಾಟಕ ಎಂದು ತಿಳಿಯಬೇಡಿ. ಫೋನ್ ಎಲ್ಲವನ್ನೂ ವಿವರಿಸುವುದಿಲ್ಲ. ಬಯಲಲ್ಲಿ ಓಡುವುದು, ಒಂದೆರಡು ಗುಂಡು ಹೋದ ಕೂಡಲೇ ರೀಲೋಡ್ ಮಾಡುವುದು, ಬಿದ್ದವನನ್ನು ಎತ್ತಲು ಶತ್ರು ಎದುರಿರುವಾಗಲೇ ಹೋಗುವುದು ಚಿಕ್ಕವನ ತಪ್ಪುಗಳು. ಆದರೆ ಎರಡನ್ನೂ ಬೇರೆ ಮಾಡಿ ತೋರಿಸದೆ ‘ನಿನಗೆ ಆಟ ಬರುವುದಿಲ್ಲ’ ಎಂದರೆ ಆ ಮಾತು ಸುಳ್ಳಾಗುತ್ತದೆ.

ಇನ್ನೊಂದು ವಿಷಯ ಮನೆಯವರಿಗೂ ವಿವರಿಸಬೇಕಾಯಿತು. ಈ ಜಗಳದ ಅರ್ಧ ಭಾಗ ಆಟದ ಕಟ್ಟೋಣದಲ್ಲೇ ಇದೆ. ಕೆಳ ಶ್ರೇಣಿಯ ಪಂದ್ಯಗಳಲ್ಲಿ ಕಂಪ್ಯೂಟರ್ ಆಡಿಸುವ ಬಾಟ್‌ಗಳು ಹೆಚ್ಚು. ಹೊಸಬರು ಅವನ್ನು ಹೊಡೆದು ಕೈ ಪಳಗಿಸಿಕೊಳ್ಳುತ್ತಾರೆ. ಮೇಲಿನ ಶ್ರೇಣಿಯವನ ಜೊತೆ ಅದೇ ಹೊಸಬ ಹೋದರೆ ಎದುರಿಗೆ ಬರುವವರು ಪಳಗಿದವರು. ಎರಾಂಗೆಲ್ 8 ಕಿ.ಮೀ. ಉದ್ದಗಲದ ನಕ್ಷೆ, 100 ಜನ, ಪಂದ್ಯ ಅರ್ಧ ಗಂಟೆ. ಮೂರನೇ ನಿಮಿಷಕ್ಕೆ ಸತ್ತವನು ಉಳಿದ ಹೊತ್ತೆಲ್ಲ ಅಣ್ಣನ ಪರದೆ ನೋಡುತ್ತ ಬೈಗುಳ ಕೇಳಬೇಕು. ತಂಗಿಗೆ ಮತ್ತೊಂದು ತೊಡಕು. 18 ತುಂಬದವರಿಗೆ ಆಟವೇ ದಿನಕ್ಕೆ 3 ಗಂಟೆಯ ಮಿತಿ ಹಾಕಿದೆ, ಹೊತ್ತು ಮುಗಿದರೆ ಹೊರಗೆ. ಅದನ್ನು ದೊಡ್ಡವನು ‘ಓಡಿಹೋದಳು’ ಎಂದು ಲೆಕ್ಕ ಹಾಕಿದ್ದ.

ಹೀಗಾಗಿ ಕೊಟ್ಟ ಸಲಹೆ ಮನಸ್ಸಿನ ಬಗ್ಗೆ ಕಡಿಮೆ, ವ್ಯವಸ್ಥೆಯ ಬಗ್ಗೆ ಹೆಚ್ಚು. ರ‍್ಯಾಂಕ್ ಪಂದ್ಯಕ್ಕೆ ವಾರದಲ್ಲಿ ಮೂರು ರಾತ್ರಿ, ಒಪ್ಪಿ ಬಂದ ನಾಲ್ವರು ಮಾತ್ರ, 9ರಿಂದ 10.30. ಆ ಹೊತ್ತಿಗೆ ಊಟ ಮುಗಿದಿರಬೇಕು, ಇದಕ್ಕೆ ದೊಡ್ಡಮ್ಮನ ಒಪ್ಪಿಗೆಯೂ ಬೇಕಾಯಿತು. ಉಳಿದ ರಾತ್ರಿ ಯಾರು ಬೇಕಾದರೂ ಬರಬಹುದು, ಆದರೆ ರ‍್ಯಾಂಕ್ ಇಲ್ಲದ ಪಂದ್ಯ ಇಲ್ಲವೇ ಲಿವಿಕ್. ಅದು 2 ಕಿ.ಮೀ. ನಕ್ಷೆ, 52 ಜನ, ಕಾಲು ಗಂಟೆಯ ಆಟ. ಬೇಗ ಸತ್ತರೂ ಬೇಗ ಮತ್ತೆ ಶುರು. ಪಂದ್ಯ ನಡೆಯುವಾಗ ಮೈಕಿನಲ್ಲಿ ದಿಕ್ಕು, ದೂರ, ‘ಬಿದ್ದೆ’, ‘ಗುಂಡು ಬೇಕು’ ಇಷ್ಟೇ. ತಪ್ಪು ಹೇಳುವುದು ಪಂದ್ಯ ಮುಗಿದ ಮೇಲೆ, ಒಬ್ಬನಿಗೆ ಒಂದೇ. ‘ಬಾಟ್’, ‘ನೂಬ್’ ಎಂದು ಮನುಷ್ಯರನ್ನು ಕರೆಯುವಂತಿಲ್ಲ. ‘ಕೆಲಸ ಇಲ್ದವ’ ಎಂಬುದೂ ಅದೇ ಸಾಲಿಗೆ. ಗುಂಪಿಗೆ ಇನ್ನೊಬ್ಬ ಅಡ್ಮಿನ್ ಆಗಬೇಕು, ಯಾರನ್ನು ತೆಗೆಯುವುದಿದ್ದರೂ ಇಬ್ಬರೂ ಒಪ್ಪಬೇಕು.

ಕಲಿಸುವುದಕ್ಕೆ ವಾರಕ್ಕೆ ಒಂದು ಸಲ 20 ನಿಮಿಷ, ಟ್ರೈನಿಂಗ್ ಗ್ರೌಂಡಿನಲ್ಲಿ, ಇಬ್ಬರೇ. ಒಂದು ವಾರಕ್ಕೆ ಒಂದೇ ಪಾಠ. ಮೊದಲ ವಾರ ಎಂ416 ಬಂದೂಕು ಹಿಡಿದು ಗೋಡೆಗೆ ಸ್ಪ್ರೇ, ಅಂದರೆ ಒಂದೇ ಸಮ ಗುಂಡು ಹೊಡೆಯುವುದು, ಬಂದೂಕು ಮೇಲಕ್ಕೆ ಎಗರುವುದನ್ನು ಬೆರಳಿನಿಂದ ಕೆಳಕ್ಕೆ ಎಳೆದು ನಿಲ್ಲಿಸುವುದು. ಎರಡನೇ ವಾರ ಮರೆಯಿಂದ ಮರೆಗೆ ಹೋಗುವುದು. ಇದನ್ನು ದೊಡ್ಡವನಿಗೆ ಒಪ್ಪಿಸಿದ್ದು ಯಕ್ಷಗಾನ. ಅವನ ಅಪ್ಪ ತಾಳಮದ್ದಲೆಯ ಅರ್ಥಧಾರಿ, ಮನೆಯಲ್ಲಿ ಮೇಳದ ಮಾತು ದಿನವೂ ಇರುತ್ತದೆ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ ವೇಷದಲ್ಲಿ ಕುಣಿದು, ಬಾಲಗೋಪಾಲ ಕಟ್ಟಿ, ಆಮೇಲೆ ಮುಂದಿನ ವೇಷಕ್ಕೆ ಹೋಗುವ ಕ್ರಮ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಡಂಗಿಗೂ ಹಿರಿಯರು ಕಟ್ಟುವ ಎರಡನೇ ವೇಷಕ್ಕೂ ಚೌಕಿ, ಅಂದರೆ ಬಣ್ಣ ಹಚ್ಚುವ ಜಾಗ, ಒಂದೇ. ಹೆಜ್ಜೆ ತಪ್ಪಿತೆಂದು ಯಾರೂ ಕೋಡಂಗಿಯನ್ನು ಚೌಕಿಯಿಂದ ಅಟ್ಟುವುದಿಲ್ಲ. “ಹಾಂಗಾರೆ ಯನ್ನ ಗುಂಪಲ್ಲಿ ಕೋಡಂಗಿ ಹೊತ್ತು ಇಲ್ಲೆ” ಎಂದು ಅವನೇ ಹೇಳಿದ.

ಕ್ಷಮೆ ಕೇಳುವ ಮಾತನ್ನೂ ಕೂತು ತಿದ್ದಬೇಕಾಯಿತು. ಅವನು ಬರೆದು ತಂದದ್ದು ‘ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮಿಸಿ’. ಇದರಲ್ಲಿ ಮಾಡಿದ್ದು ಏನೆಂದು ಇಲ್ಲ, ಯಾರಿಗೆ ಎಂದೂ ಇಲ್ಲ. ತಿದ್ದಿದ ಮೇಲೆ ಉಳಿದದ್ದು: ‘ತಂಗಿ, ಎಲ್ಲರ ಎದುರಿಗೆ ಬಾಟ್ ಅಂದೆ, ಗುಂಪಿಂದ ತೆಗೆದೆ. ತಪ್ಪಾಯ್ತು.’ ಅದನ್ನು ಅವಮಾನ ಮಾಡಿದ ಜಾಗದಲ್ಲೇ, ಅಂದರೆ ಗುಂಪಿನಲ್ಲೇ ಹಾಕಬೇಕು ಎಂದೆವು. ಖಾಸಗಿಯಾಗಿ ಕಳಿಸಿದರೆ ಉಳಿದ ಎಂಟು ಜನರ ಕಣ್ಣಲ್ಲಿ ಅವಳು ಬಾಟ್ ಆಗಿಯೇ ಉಳಿಯುತ್ತಾಳೆ.

ಮೂರನೇ ವಾರ ಕೆಟ್ಟಿತು. ದೊಡ್ಡವನು ಪಾಠದ ಹೊತ್ತಿಗೆ ಇನ್ನಿಬ್ಬರನ್ನೂ ಕರೆದು ಅವರೆದುರು ಚಿಕ್ಕವನಿಗೆ ಪ್ರಶ್ನೆ ಹಾಕಿದ: ಯಾವ ಬಂದೂಕಿಗೆ 7.62ರ ಗುಂಡು, ಯಾವುದಕ್ಕೆ 5.56ರದು. ಕಲಿಸುವುದು ಪರೀಕ್ಷೆಯಾಯಿತು, ಪರೀಕ್ಷೆ ಮತ್ತೆ ಮೊಳಕೋಲಾಯಿತು. ಪಾಠ ಇಬ್ಬರ ನಡುವೆ ಮಾತ್ರ ಎಂಬ ಷರತ್ತು ಹಾಕಿದ್ದು ಇದಕ್ಕೇ. ಒಂದು ವಾರ ನಿಲ್ಲಿಸಿ ಮತ್ತೆ ಶುರು ಮಾಡಿಸಿದೆವು. ಜೊತೆಗೆ ದೊಡ್ಡವನಿಗೆ ಬೇರೆಯದೇ ಒಂದು ಕೆಲಸ ಕೊಟ್ಟೆವು: ತಿಂಗಳಿಗೊಮ್ಮೆ ಹಳೆಯ ಮೂವರ ಜೊತೆ ಹೊತ್ತು ಗೊತ್ತುಮಾಡಿ ಆಡುವುದು. ಅವರಿಗೆ ಫೋನ್ ಮಾಡಲು ಅವನಿಗೆ ಹತ್ತು ದಿನ ಬೇಕಾಯಿತು. ಹುಬ್ಬಳ್ಳಿಯವನು ಆಟ ಬಿಟ್ಟಿದ್ದ, ಉಳಿದಿಬ್ಬರು ಬಂದರು. ನಾಲ್ಕನೆಯ ಜಾಗಕ್ಕೆ ಚಿಕ್ಕವನನ್ನು ಸೇರಿಸಿಕೊಂಡದ್ದು ನಮ್ಮ ಸಲಹೆಯಲ್ಲ.

ಇಂಥದೇ ಪ್ರಕರಣದಲ್ಲಿ ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕೆಲಸ ಇಲ್ಲವೇ ಓದು ನಿಂತಿದ್ದರೆ, ಆಟಕ್ಕೆ ಸಾಲ ಮಾಡಿದ್ದರೆ, ಬದುಕೇ ಬೇಡ ಎಂಬ ಮಾತು ಬಂದಿದ್ದರೆ ಮನೆಮಟ್ಟದ ಒಪ್ಪಂದ ಸಾಲದು. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯವಿದೆ.

ಆರನೇ ಭೇಟಿಗೆ ಪ್ರಕರಣ ಮುಗಿಸಿದೆವು. ದೊಡ್ಡವನು ಈಗಲೂ ರ‍್ಯಾಂಕ್ ರಾತ್ರಿಗಳಲ್ಲಿ ಬಿಗಿ, ತಡವಾಗಿ ಬಂದವನನ್ನು ಸೇರಿಸುವುದಿಲ್ಲ, ಅದು ಅವನ ಹಕ್ಕು. ಚಿಕ್ಕವನು ರ‍್ಯಾಂಕ್ ತಂಡಕ್ಕೆ ಬರುವುದಿಲ್ಲ, ಲಿವಿಕ್ ಸಾಕು ಎನ್ನುತ್ತಾನೆ. ತಂಗಿ ಗುಂಪಿಗೆ ಮರಳಿದ್ದಾಳೆ, ದೊಡ್ಡವನ ಜೊತೆ ಇನ್ನೂ ಆಡಿಲ್ಲ. ಅವಳನ್ನು ಕರೆಯುವ ಕೆಲಸ ಅವನದ್ದು, ಒಪ್ಪುವ ಬಿಡುವ ಮಾತು ಅವಳದ್ದು ಎಂದು ಕಡತದಲ್ಲಿ ಬರೆದಿಟ್ಟಿದ್ದೇವೆ.